ಎಡಗೈಗೆ ಬಂದ ಗುರು

ಹೋಳಿಗೆಯ ಕಣಕ ಎಷ್ಟು ಮೆತ್ತಗಿರಬೇಕು ಎಂದು ಯಾರಿಗಾದರೂ ಫೋನಿನಲ್ಲಿ ಹೇಳಿಕೊಟ್ಟಿದ್ದೀರಾ? ಕೊಟ್ಟಿದ್ದರೆ ಅದೆಂಥ ಪೇಚಾಟ ಅಂತ ಗೊತ್ತಿರುತ್ತದೆ. ಕಿವಿಯ ಹಾಲೆಯಷ್ಟು ಮೆತ್ತಗೆ ಎನ್ನುತ್ತೀರಿ, ಆ ಕಡೆಯವರು ತಮ್ಮ ಕಿವಿ ಹಿಚುಕಿ ನೋಡಿಕೊಳ್ಳುತ್ತಾರೆ, ಕೊನೆಗೆ ಹೋಳಿಗೆ ಹಂಚಿನ ಮೇಲೆ ಹರಿದು ಹೂರಣವೆಲ್ಲ ಸೀಯುತ್ತದೆ. ವಿಡಿಯೊ ತೋರಿಸಿದರೂ ಅಷ್ಟೇ. ಕಣ್ಣಿಗೆ ಕಾಣುವುದು ಬರೀ ಕೈ, ಆ ಕೈಗೆ ಗೊತ್ತಿರುವುದು ಕಾಣುವುದಿಲ್ಲ. ಹಾಗಾದರೆ ಬೀದರಿನಲ್ಲಿ ಕೂತವಳ ಕೈಯೊಳಗಿನ ಹದ, ನೇರವಾಗಿ ಬ್ಯಾಡಗಿಯಲ್ಲಿ ಕೂತವಳ ಕೈಗೇ ಬಂದುಬಿಟ್ಟರೆ?

ಬಂದೇಬಿಟ್ಟಿತು. ನಮ್ಮ ಕಥೆಯ ಕಾಲಕ್ಕೆ ಅದು ಬಂದು ಏಳೆಂಟು ವರ್ಷವೂ ಆಗಿತ್ತು. ಕಂಪನಿಯವರು ಅದಕ್ಕೆ 'ಸಹಸ್ಪರ್ಶ' ಎಂದು ಭಾರಿ ಹೆಸರಿಟ್ಟರು, ಜನ ಗ್ಲೌಸು ಎಂದರು. ನಾವೂ ಹಾಗೇ ಅನ್ನೋಣ. ಮೊಣಕೈವರೆಗೆ ಬರುವ ಬೂದು ಬಣ್ಣದ ಗ್ಲೌಸು. ಅದರೊಳಗೆ ಕೂದಲಿಗಿಂತ ತೆಳುವಾದ ಸಾವಿರಾರು ಎಳೆಗಳು. ವಿದ್ಯುತ್ ಹರಿದರೆ ಮಾಂಸಖಂಡದ ಹಾಗೆ ಬಿಗಿಯುತ್ತವೆ, ನಿಂತರೆ ಸಡಿಲಗೊಳ್ಳುತ್ತವೆ. ಕಲಿಸುವವರು ಎಲ್ಲೋ ಕೂತು ಬೆರಳು ಮಡಚಿದರೆ, ಇಲ್ಲಿ ಕಲಿಯುವವರ ಬೆರಳೂ ಮಡಚಿಕೊಳ್ಳುತ್ತದೆ. ಇಲ್ಲಿಯ ಬೆರಳು ತಡವರಿಸಿದರೆ ಆ ತಡವರಿಕೆ ಅಷ್ಟೇ ಬೇಗ ಅಲ್ಲಿಗೆ ಮುಟ್ಟುತ್ತದೆ. ಮೊದಮೊದಲು ಪಾಠಗಳನ್ನು ರೆಕಾರ್ಡ್ ಮಾಡಿಟ್ಟು ನೋಡಿದರು, ಒಬ್ಬರೂ ಕಲಿಯಲಿಲ್ಲ. ರೆಕಾರ್ಡಿಗೆ ನಮ್ಮ ತಡವರಿಕೆ ತಿಳಿಯುವುದಿಲ್ಲವಲ್ಲ. ಕಲಿಸಲು ಜೀವಂತ ಕೈಯೇ ಬೇಕಾಯಿತು.

ಬ್ಯಾಡಗಿಯ ಕಸ್ತೂರಿ ಹನ್ನೊಂದು ವರ್ಷ ಮೆಣಸಿನಕಾಯಿಯ ತೊಟ್ಟು ಬಿಡಿಸಿದವಳು. ಆ ಕೆಲಸಕ್ಕೆ ಯಂತ್ರ ಬಂದಿತು, ಅವಳ ಜೊತೆಗಿದ್ದ ಹೆಂಗಸರೆಲ್ಲ ಮನೆಯಲ್ಲಿ ಕೂತರು. ಗಂಡ ಫಕ್ಕೀರೇಶ ಟೆಂಪೊ ಹೊಡೆಯುತ್ತಾನೆ, ವಾರದಲ್ಲಿ ನಾಲ್ಕು ದಿನ ಊರಲ್ಲಿರುವುದಿಲ್ಲ. ಅತ್ತೆ ಗುರುಸಿದ್ದವ್ವನಿಗೆ ಮೊಣಕಾಲು ನೋವು, ಕೋಲಿಲ್ಲದೆ ಹೊಸ್ತಿಲು ದಾಟುವುದಿಲ್ಲ. ಹೀಗಿರುವಾಗ ಪವನಸೇತು ಎಂಬ ಕಂಪನಿಯವರು ಬಂದು, ಮನೆಯಲ್ಲೇ ಕೂತು ಮಾಡುವ ಕೆಲಸವಿದೆ, ಮೂರು ತಿಂಗಳು ಕಲಿಸುತ್ತೇವೆ ಎಂದಾಗ ಕಸ್ತೂರಿ ಎಲ್ಲರಿಗಿಂತ ಮೊದಲು ಹೆಸರು ಬರೆಸಿದಳು.

ಕೆಲಸ ಎಂಥದೆಂದರೆ, ಗದಗಿನ ಕಡೆಯ ಗುಡ್ಡಗಳ ಮೇಲೆ ಹಳೆಯ ಗಾಳಿಯಂತ್ರಗಳಿವೆ. ಅವುಗಳ ನೆತ್ತಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಕಬ್ಬಿಣದ ಕೈಗಳನ್ನು ಕೂರಿಸಿದ್ದಾರೆ. ಬ್ಯಾಡಗಿಯ ಪಡಸಾಲೆಯಲ್ಲಿ ಗ್ಲೌಸು ತೊಟ್ಟು ಕೂತವಳು ಪಾನಾ ತಿರುಗಿಸಿದಂತೆ ಕೈಯಾಡಿಸಿದರೆ, ಅಲ್ಲಿ ಕಬ್ಬಿಣದ ಕೈ ನಿಜವಾದ ಪಾನಾ ಹಿಡಿದು ಬೋಲ್ಟು ಬಿಗಿ ಮಾಡುತ್ತದೆ. ಬೋಲ್ಟಿನ ಬಿಗಿ ಇವಳ ಕೈಗೆ ಇದ್ದ ಹಾಗೇ ತಿಳಿಯುತ್ತದೆ. ಮೀಟರು ಇಲ್ಲವೇ ಅನ್ನಬಹುದು. ಇದೆ. ಆದರೆ ಮೀಟರಿಗೆ ಗೊತ್ತಾಗುವುದು ಎಷ್ಟು ಬಲ ಬಿತ್ತು ಎಂಬುದಷ್ಟೇ. ಅದು ಬೋಲ್ಟು ಕೂತ ಬಿಗಿಯೋ, ತುಕ್ಕು ಹಿಡಿದ ಬಿಗಿಯೋ ಎಂದು ಅದಕ್ಕೇನು ತಿಳಿಯುತ್ತದೆ? ಕೈಗೆ ತಿಳಿಯುತ್ತದೆ. ಆ ತಿಳಿವಳಿಕೆ ಬರಲಿಕ್ಕೇ ಮೂರು ತಿಂಗಳು.

ಸೇರುವಾಗ ತುಂಬಿದ ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ಯಾವ ಕೈ ಬಳಸುತ್ತೀರಿ? ಕಸ್ತೂರಿ ಬಲಗೈ ಎಂದು ಗುರುತು ಹಾಕಿದಳು. ಹಾಕಿದ್ದು ಎಡಗೈಯಿಂದ! ಹುಟ್ಟಾ ಎಡಚಿ ಅವಳು. ಶಾಲೆಯಲ್ಲಿ ಎಡಗೈ ಬೆರಳಿನ ಗಂಟಿಗೆ ಪಟ್ಟಿಯ ಏಟು ತಿಂದವಳು, ಮದುವೆಯಾಗಿ ಬಂದ ಹೊಸದರಲ್ಲಿ ನೆಂಟರ ಪಂಕ್ತಿಗೆ ಎಡಗೈಯಲ್ಲಿ ಹುಗ್ಗಿ ಬಡಿಸಿ ಪಂಕ್ತಿಗೆ ಪಂಕ್ತಿಯೇ ತಟ್ಟೆ ಹಿಂದಕ್ಕೆಳೆದದ್ದನ್ನು ಕಂಡವಳು. "ಎಡಗೈಲೆ ನೀಡಬ್ಯಾಡಬೇ, ಮಂದಿ ಏನಂದಾರು" ಎಂದು ಅತ್ತೆ ಅವತ್ತಿನಿಂದ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಹಾಗಾಗಿ ಯಾರು ಕೇಳಿದರೂ ಬಲಗೈ ಎನ್ನುವುದು ಕಸ್ತೂರಿಗೆ ಉಸಿರಾಡುವಷ್ಟು ರೂಢಿಯಾಗಿತ್ತು. ಬಲಗೈ ಗ್ಲೌಸು ಮನೆಗೆ ಬಂತು.

ಪಾಠ ಬೆಳಿಗ್ಗೆ ಹತ್ತರಿಂದ ಹನ್ನೆರಡು. ಮಾತಿಲ್ಲ, ಮುಖವಿಲ್ಲ. ಮಾತು ಬಂದರೆ ಕೈ ಕೆಲಸ ಬಿಟ್ಟು ಕಿವಿ ಕೆಲಸ ಮಾಡುತ್ತದೆ ಎಂದು ಕಂಪನಿಯ ನಿಯಮ. ಪರದೆಯ ಮೂಲೆಯಲ್ಲಿ 'ಗುರು ೪೧' ಎಂದು ಬರುತ್ತಿತ್ತು, ಅಷ್ಟೇ ಪರಿಚಯ. ಆದರೆ ಆ ಕೈ ಎಂಥ ಕೈ! ಅವಸರವಿಲ್ಲ, ನಡುಕವಿಲ್ಲ. ಪಾನಾ ಹಿಡಿದರೆ ಹಿಡಿದದ್ದೇ ಗೊತ್ತಾಗದಷ್ಟು ಹಗುರ. ಪಾಠ ಮುಗಿದಾಗ ಅಂಗೈಗೆ ಎರಡು ಸಲ ಮೆಲ್ಲಗೆ ತಟ್ಟುತ್ತಿತ್ತು, 'ಸಾಕು, ನಾಳೆ ನೋಡೋಣ' ಎಂಬಂತೆ. ಕಸ್ತೂರಿಗೆ ಆ ತಟ್ಟುವಿಕೆ ಕಂಡರೆ ಅಳು ಬರುತ್ತಿತ್ತು, ಯಾಕೆಂದರೆ ಅವಳಿಗೆ ಏನೂ ಬರುತ್ತಿರಲಿಲ್ಲ. ಬಲಗೈ ಒಂದು ಕ್ಷಣ ತಡವಾಗಿಯೇ ಹೊರಡುತ್ತಿತ್ತು. ಆರನೆಯ ವಾರದ ಪರೀಕ್ಷೆಯಲ್ಲಿ ನಪಾಸಾದಳು. ಇನ್ನು ಹನ್ನೆರಡನೆಯ ವಾರಕ್ಕೊಂದು ಪರೀಕ್ಷೆ. ಅದೂ ಹೋದರೆ ಗ್ಲೌಸು ವಾಪಸು, ಕೆಲಸವೂ ಇಲ್ಲ.

ನಪಾಸಾದ ಮರುದಿನದ ಪಾಠದಲ್ಲಿ ಒಂದು ಬೋಲ್ಟು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕಸ್ತೂರಿಗೆ ಸಿಟ್ಟು ನೆತ್ತಿಗೇರಿತು. ಅವಳು ಹೇಳದೆ ಕೇಳದೆ ಅವಳ ಎಡಗೈ ಬಂದು ಗ್ಲೌಸಿನ ಮೇಲೆ ಕೂತು, ಬಲಗೈಯನ್ನು ಹಿಡಿದು ತಿರುಗಿಸಿಬಿಟ್ಟಿತು. ಬೋಲ್ಟು ಬಂತು. ಆ ಕಡೆಯ ಕೈ ಗಕ್ಕನೆ ನಿಂತಿತು.  ಆಮೇಲೆ ಎರಡು ಸಲ ತಟ್ಟಿ, ಪಾಠ ಅರ್ಧಕ್ಕೇ ಮುಗಿಯಿತು. ಕಳ್ಳತನ ಸಿಕ್ಕಿಬಿತ್ತು ಎಂದು ಕಸ್ತೂರಿ ಅವತ್ತು ಊಟ ಮಾಡಲಿಲ್ಲ.

ನಾಲ್ಕು ದಿನ ಪಾಠವಿರಲಿಲ್ಲ. ಐದನೆಯ ದಿನ ಒಂದು ಡಬ್ಬಿ ಬಂತು. ಒಳಗೆ ಎಡಗೈಯ ಗ್ಲೌಸು, ಜೊತೆಗೆ ಒಂದು ಚೀಟಿ: 'ನಾಳೆಯಿಂದ ಇದನ್ನು ಧರಿಸಿ.'

ಗುರುಸಿದ್ದವ್ವ ಗ್ಲೌಸನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಅಯ್ಯ ಶಿವನ! ಕಂಪನ್ಯಾವ್ರಿಗೂ ಗೊತ್ತಾತೇನಬೇ ನಿನ್ನ ಎಡಗೈ ಪುರಾಣ?"

"ನಾ ಏನೂ ಹೇಳಿಲ್ಲರಿ ಅತ್ತಿ."

"ನೀ ಹೇಳಲಿಕ್ಕೆ ಬೇಕೇನು? ಚಾ ಲೋಟ ಹಿಡಿಯೋದು ನೋಡಿದ್ರ ಗೊತ್ತಾಕ್ಕತಿ."

ಮರುದಿನ ಎಡಗೈಗೆ ಗ್ಲೌಸು ತೊಟ್ಟಾಗ ಕಸ್ತೂರಿಗೆ, ಬಿಗಿ ಚಪ್ಪಲಿ ಕಳಚಿ ನೆಲದ ಮೇಲೆ ಕಾಲಿಟ್ಟಷ್ಟು ಹಾಯೆನಿಸಿತು. ಪರದೆ ನೋಡಿದಳು. 'ಗುರು ೭೭' ಎಂದಿತ್ತು. ಓ, ಎಡಗೈಗೆ ಬೇರೆಯೇ ಗುರುಗಳು ಅಂದುಕೊಂಡಳು. ಪಾಠ ಶುರುವಾಯಿತು. ಶುರುವಾದ ಎರಡೇ ನಿಮಿಷಕ್ಕೆ ಅವಳ ಹಾಯೆಲ್ಲ ಇಳಿದುಹೋಯಿತು. ಈ ಕೈಗೆ ಪಾನಾ ಹಿಡಿಯಲಿಕ್ಕೇ ಬರುತ್ತಿರಲಿಲ್ಲ. ಹೆಬ್ಬೆರಳು ಜಾರುತ್ತದೆ, ಮಣಿಕಟ್ಟು ನಡುಗುತ್ತದೆ, ಒಂದು ಸುತ್ತು ತಿರುಗಿಸಲು ಮೂರು ಸಲ ನಿಲ್ಲುತ್ತದೆ. ಅ ಆ ಕಲಿಯುವ ಮಗುವಿನ ಕೈ ಹಿಡಿದ ಹಾಗಿತ್ತು. ಯಾರಪ್ಪ ಇವರು, ಹೊಸಬರನ್ನು ತಂದು ನನ್ನ ತಲೆಗೆ ಕಟ್ಟಿದರಲ್ಲ!

ಒಂದು ವಾರ ಸಹಿಸಿದಳು. ಎರಡನೆಯ ವಾರ ಸಹನೆ ಮುಗಿಯಿತು. ವಾರದ ಕೊನೆಗೆ ಗುರುಗಳ ಬಗ್ಗೆ ಅಭಿಪ್ರಾಯ ಕೇಳುವ ಫಾರಂ ಬರುತ್ತದೆ. ಐದು ಸ್ಟಾರಿನಲ್ಲಿ ಒಂದೇ ಒಂದು ಸ್ಟಾರ್ ಒತ್ತಿ, ಕೆಳಗೆ ಬರೆದಳು: 'ಇವರಿಗೇ ಕೆಲಸ ಬರುವುದಿಲ್ಲ, ನನಗೇನು ಕಲಿಸುತ್ತಾರೆ? ದಯವಿಟ್ಟು ಹಳೆಯ ಗುರು ೪೧ ಅವರನ್ನೇ ಕೊಡಿ.' ಕಳಿಸಿದ ಮೇಲೆ ಎದೆ ಹಗುರಾಯಿತು ಎನ್ನುವುದನ್ನೂ ಇಲ್ಲಿ ಹೇಳಿಬಿಡಬೇಕು.

ಮೂರು ದಿನದಲ್ಲಿ ಹುಬ್ಬಳ್ಳಿಯ ತರಬೇತಿ ಕೇಂದ್ರದಿಂದ ಕರೆ ಬಂತು, ಬಂದು ಹೋಗಬೇಕಂತೆ.

ಕೇಂದ್ರದ ಕಂಟ್ರೋಲ್ ರೂಮಿನ ಗೋಡೆಯ ತುಂಬ ಪರದೆಗಳು. ಒಂದೊಂದರಲ್ಲೂ ಜೋಡಿ ಗೆರೆಗಳು ಜೊತೆಜೊತೆಯಾಗಿ ಏರಿಳಿಯುತ್ತ ಓಡುತ್ತಿದ್ದವು. ನೀಲಿ ಗೆರೆ ಗುರುವಿನ ಕೈ, ಹಸಿರು ಗೆರೆ ಕಲಿಯುವವರ ಕೈ. ಅಲ್ಲಿಯ ಎಂಜಿನಿಯರ್ ತಬಸ್ಸುಮ್ ಕಿತ್ತೂರ, ಕನ್ನಡಕ ತಲೆಯ ಮೇಲೇರಿಸಿಕೊಂಡೇ ಕನ್ನಡಕ ಹುಡುಕುವಂಥ ಹೆಂಗಸು, ಕುರ್ಚಿ ಎಳೆದುಕೊಟ್ಟರು.

"ಕುಂದರ್ರಿ ಕಸ್ತೂರಿ ಅವರ. ನಿಮ್ಮ ಕಂಪ್ಲೇಂಟ್ ಓದಿದೆ. ಗುರು ನಲವತ್ತೊಂದು ಬೇಕು ಅಂದೀರಲ್ಲ?"

"ಹೌದ್ರಿ ಮೇಡಂ. ಅವ್ರು ಭಾಳ ಚಲೋ ಕಲಸ್ತಿದ್ರು. ಈಗ ಬಂದಾವ್ರಿಗೆ ಏನೂ ಬರಂಗಿಲ್ಲರಿ."

ತಬಸ್ಸುಮ್ ಪರದೆಯೊಂದರ ಕಡೆ ಬೆರಳು ಮಾಡಿದರು. "ಅದು ಗುರುಗಳ ನಂಬರ್ ಅಲ್ಲರಿ, ಗ್ಲೌಸಿನ ನಂಬರ್. ನಲವತ್ತೊಂದು ಅವರ ಬಲಗೈ, ಎಪ್ಪತ್ತೇಳು ಅವರ ಎಡಗೈ. ಮನುಷ್ಯಾ ಒಬ್ಬನ."

ಕಸ್ತೂರಿಗೆ ತಟ್ಟನೆ ಅರ್ಥವಾಗಲಿಲ್ಲ. ಅರ್ಥವಾದಾಗ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಹೆಸರು ಮುನಿಶಾಮಪ್ಪ. ಕೋಲಾರದ ಕಡೆಯವರು. ಇಪ್ಪತ್ತಾರು ವರ್ಷ ಗಾಳಿಯಂತ್ರ ಹತ್ತಿ ಇಳಿದಾರ, ಈಗ ಐವತ್ತೊಂಬತ್ತು ವಯಸ್ಸು. ನೀವು ಎಡಗೈ ತಂದು ಮ್ಯಾಲೆ ಇಟ್ರಲ್ಲ, ಅವತ್ತ ಫೋನ್ ಮಾಡಿದ್ರು ನನಗ. 'ಮೇಡಂ, ಒಳಗಿರೋ ಕೈಗಿಂತ ಮೇಲ್ ಬಂದ ಕೈಗೆ ಜಾಸ್ತಿ ಗೊತ್ತು. ಈವಮ್ಮ ಎಡಚಿ, ಹೇಳ್ಕೊಳಕ್ಕೆ ನಾಚ್ಕೆ ಇರ್ಬೇಕು. ಏನೂ ಕೇಳ್ಬೇಡಿ, ಎಡಗೈ ಗ್ಲೌಸ್ ಕಳ್ಸಿ' ಅಂದ್ರು."

"ಹಂಗಾದ್ರ ಅವರ ಬಲಗೈ ಪಾಠಾನ ಕನ್ನಡ್ಯಾಗ ಕಂಡಂಗ ತಿರುವಿ ನನ್ನ ಎಡಗೈಗೆ ಕೊಡಲಿಕ್ಕೆ ಬರತಿರಲಿಲ್ಲೇನ್ರಿ?"

ತಬಸ್ಸುಮ್ ಮೇಜಿನ ಮೇಲಿದ್ದ ನೀರಿನ ಬಾಟಲಿ ಎತ್ತಿಕೊಂಡು, ಬಲಗೈಯಿಂದ ಮುಚ್ಚಳ ಬಿಗಿ ಮಾಡಿ ತೋರಿಸಿದರು. "ಇದನ್ನ ಕನ್ನಡ್ಯಾಗ ನೋಡಿದಂಗ ಎಡಗೈಲೆ ಮಾಡ್ರಿ."

ಕಸ್ತೂರಿ ಮಾಡಿದಳು. ಮುಚ್ಚಳ ಸಡಿಲವಾಗಿ ಬಿಚ್ಚಿಕೊಂಡಿತು.

"ಕೈ ತಿರುವಬಹುದು, ಬೋಲ್ಟಿನ ಸುತ್ತು ತಿರುವಲಿಕ್ಕೆ ಆಗಂಗಿಲ್ಲ. ಎಡಗೈಲೆ ಮಾಡಿ ಕಲಿತವರೇ ಎಡಗೈಗೆ ಕಲಿಸಬೇಕು. ನಮ್ಮ ಹತ್ರ ನಲವತ್ತೆಂಟು ಗುರುಗಳದಾರ, ಒಬ್ಬರೂ ಎಡಚರಿಲ್ಲ. ಇದ್ರೂ ನಿಮ್ಮಂಗ ಬಲಗೈ ಅಂತ ಬರದಿರಬೇಕು. ಅದಕ್ಕ ಈ ಮನುಷ್ಯಾ ಏನ್ ಮಾಡಿದ್ರು ನೋಡ್ರಿ."

ಒಂದು ಪರದೆಯನ್ನು ಹಿಂದಕ್ಕೆ ಓಡಿಸಿದರು. ಅದರಲ್ಲಿ ಜೋಡಿ ಗೆರೆ ಇರಲಿಲ್ಲ. ನೀಲಿ ಗೆರೆ ಒಂದೇ, ಜೊತೆಯಿಲ್ಲದೆ, ಎಡವುತ್ತ ನಿಲ್ಲುತ್ತ ಓಡುತ್ತಿತ್ತು. ಬೆಳಿಗ್ಗೆ ಐದರಿಂದ ಏಳು. ಅದರ ಮರುದಿನವೂ ಐದರಿಂದ ಏಳು. ಡಬ್ಬಿ ಬರುವ ಮೊದಲಿನ ನಾಲ್ಕು ದಿನವಂತೂ ಬೆಳಗಿನಿಂದ ಸಂಜೆವರೆಗೆ.

"ನಿಮಗ ಹತ್ತಕ್ಕ ಕಲಸೋದನ್ನ ಅವರು ಐದಕ್ಕ ಎದ್ದು ತಾವು ಕಲೀತಾರ. ಊಟ ಒಂದು ಬಿಟ್ಟು ಎಲ್ಲಾ ಎಡಗೈಲೇ ಅಂತ, ಗಡ್ಡಾ ಹೆರಕೊಳ್ಳೋದೂ. ಗಲ್ಲದ ಮ್ಯಾಲೆ ಎರಡು ಗಾಯ ಮಾಡಿಕೊಂಡಾರ."

ಕಸ್ತೂರಿಯ ಕಣ್ಣು ಮಂಜಾಯಿತು. ಹನ್ನೊಂದು ವರ್ಷ ಮೆಣಸಿನ ಘಾಟಿನಲ್ಲಿ ಕೂತರೂ ಕಣ್ಣೊರೆಸಿಕೊಳ್ಳದವಳು ಸೆರಗಿನಿಂದ ಒರೆಸಿಕೊಂಡಳು. ಅವಳ ಎಡಗೈಯನ್ನು ಎಲ್ಲರೂ ತಿದ್ದಿದ್ದರು. ಅಪ್ಪ ತಿದ್ದಿದ್ದ, ಮಾಸ್ತರರು ತಿದ್ದಿದ್ದರು, ಅತ್ತೆ ತಿದ್ದಿದ್ದಳು. ಆ ಕೈಗಾಗಿ ತನ್ನ ಕೈಯನ್ನೇ ತಿದ್ದಿಕೊಳ್ಳಲು ಕೂತವರನ್ನು ಅವಳು ಕಂಡಿರಲಿಲ್ಲ. ಅಂಥವರಿಗೆ ಒಂದು ಸ್ಟಾರ್!

"ಆ ಸ್ಟಾರ್ ಅಳಿಸಿಬಿಡ್ರಿ ಮೇಡಂ. ನಾ ಬೇಕಾದ್ರ ಬರದು ಕೊಡತೀನಿ, ತಪ್ಪಾತು ಅಂತ."

"ಕೊಟ್ಟದ್ದನ್ನ ವಾಪಸ್ ತೊಗೊಳ್ಳೋ ಪದ್ಧತಿ ಇಲ್ಲರಿ. ಕೆಲಸ ಬರದವರು ಗುರು ಆಗಬಾರದು ಅಂತ ಮ್ಯಾಲಿನವರು ಅವರ ಹೆಸರು ತಗಿಯಾಕ ಕುಂತಾರ. ಉಳಸೋದಕ್ಕ ಒಂದೇ ದಾರಿ. ದೂರು ಕೊಟ್ಟವರೇ ಪರೀಕ್ಷೆ ಪಾಸಾದ್ರ ದೂರು ಬಿದ್ದು ಹೋಕ್ಕತಿ. ಇನ್ನ ಎರಡು ವಾರ ಐತಿ."

"ಅವ್ರಿಗೆ ಇದು ಗೊತ್ತೇನ್ರಿ?"

"ಗೊತ್ತು. 'ಆವಮ್ಮ ಬರ್ದಿರೋದ್ರಲ್ಲಿ ತಪ್ಪೇನಿದೆ, ನನ್ ಕೈ ಹಂಗೇ ಐತಲ್ಲ' ಅಂದು ನಕ್ಕರು."

ಬ್ಯಾಡಗಿಗೆ ಮರಳುವ ಬಸ್ಸಿನಲ್ಲಿ ಕಸ್ತೂರಿ ತನ್ನ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ನೋಡಿದಳು. ಇನ್ನು ಈ ಕೈ ಸೋತರೆ ಅವಳೊಬ್ಬಳ ಕೆಲಸ ಹೋಗುವುದಿಲ್ಲ, ಆ ದೊಡ್ಡ ಮನುಷ್ಯನ ಇಪ್ಪತ್ತಾರು ವರ್ಷದ ಹೆಸರೂ ಹೋಗುತ್ತದೆ.

ಮರುದಿನ ಹತ್ತು ಗಂಟೆಗೆ ಆ ನಡುಗುವ ಕೈ ಬಂತು. ಮಾತಾಡುವ ಹಾಗಿಲ್ಲ. ಕಸ್ತೂರಿ ಪಾನಾ ಹಿಡಿಯುವ ಮೊದಲು, ಬೆರಳುಗಳನ್ನು ಒಳಕ್ಕೆ ಮಡಚಿ, ತನ್ನ ಅಂಗೈಗೆ ತಾನೇ ಎರಡು ಸಲ ಮೆಲ್ಲಗೆ ತಟ್ಟಿಕೊಂಡಳು. ಅದು ಕೋಲಾರಕ್ಕೆ ಹೋಗಿ ಮುಟ್ಟಿರಬೇಕು. ಆ ಕಡೆಯ ಕೈ ನಿಂತಿತು. ಆಮೇಲೆ ಅದೂ ಎರಡು ಸಲ ತಟ್ಟಿತು, ಪಾಠ ಶುರುವಾಯಿತು.

ಅಲ್ಲಿಂದ ಮುಂದೆ ಆ ಪಾಠದ ರೀತಿಯೇ ಬೇರೆಯಾಯಿತು. ಮೊದಲು ಗುರುವಿನ ಕೈ ಎಡವಿದಾಗ ಕಸ್ತೂರಿ ಸಿಟ್ಟಿನಿಂದ ತನ್ನ ಕೈ ಬಿಗಿ ಹಿಡಿಯುತ್ತಿದ್ದಳು. ಈಗ ಅವರ ಮಣಿಕಟ್ಟು ನಡುಗಿದರೆ ತನ್ನದನ್ನು ಗಟ್ಟಿಯಾಗಿ ಕೊಟ್ಟು ಆಧಾರವಾದಳು. ಅವರ ಹೆಬ್ಬೆರಳು ಜಾರಿದರೆ, ತೊಟ್ಟು ಬಿಡಿಸಿ ಪಳಗಿದ ತನ್ನ ಹೆಬ್ಬೆರಳು ಎಲ್ಲಿ ಕೂರುತ್ತದೆ ಎಂದು ತೋರಿಸಿದಳು. ಬಿಗಿ ಯಾವುದು, ತುಕ್ಕು ಯಾವುದು ಎಂಬುದು ಅವರಿಗೆ ಗೊತ್ತು. ಎಡಗೈ ಹೇಗೆ ನಡೆಯುತ್ತದೆ ಎಂಬುದು ಇವಳಿಗೆ ಗೊತ್ತು. ಹುಬ್ಬಳ್ಳಿಯ ಪರದೆಯ ಮೇಲೆ ಯಾವ ಗೆರೆ ಯಾವುದನ್ನು ಕರೆದೊಯ್ಯುತ್ತಿದೆ ಎಂದು ತಬಸ್ಸುಮ್ ಅವರಿಗೇ ತಿಳಿಯದೆ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರಂತೆ.

ಗುರುಸಿದ್ದವ್ವನಿಗೂ ವಿಷಯ ಗೊತ್ತಾಯಿತು. ಕಸ್ತೂರಿಯೇ ರೊಟ್ಟಿ ಬಡಿಯುತ್ತ ಎಲ್ಲ ಹೇಳಿದಳು.  ಮುದುಕಿ, "ಗಡ್ಡಾ ಹೆರಕೊಳ್ಳೋದೂ ಎಡಗೈಲೇನು? ಹುಚ್ಚಪ್ಪ ಅದಾನ ನೋಡು" ಎಂದಳು. ಆದರೆ ಅವತ್ತಿನಿಂದ ಹತ್ತರಿಂದ ಹನ್ನೆರಡರವರೆಗೆ ಪಡಸಾಲೆಯ ಬಾಗಿಲಲ್ಲಿ ಕೋಲು ಅಡ್ಡ ಇಟ್ಟುಕೊಂಡು ಕೂತು, ನೆರೆಯವರು ಬಂದರೆ, "ಈಗ ಬ್ಯಾಡ್ರಿ, ನಮ್ಮ ಸೊಸಿ ಸಾಲ್ಯಾಗದಾಳ" ಎಂದು ಕಳಿಸಿಬಿಡುತ್ತಿದ್ದಳು.

ಪರೀಕ್ಷೆಯ ದಿನ ಬಂತು. ನಿಜವಾದ ಗಾಳಿಯಂತ್ರ, ಹದಿನೆಂಟು ಬೋಲ್ಟು, ನಲವತ್ತೈದು ನಿಮಿಷ. ಗ್ಲೌಸಿನಲ್ಲಿ ಗುರುವಿನ ಕೈ ಇರುವುದಿಲ್ಲ, ಅವತ್ತು ಅವಳೊಬ್ಬಳೇ. ಹತ್ತು ಬೋಲ್ಟು ಸಲೀಸಾಗಿ ಕೂತವು. ಹನ್ನೊಂದನೆಯದು ಅರ್ಧ ಸುತ್ತಿಗೇ ಬಿಗಿಯಾಯಿತು. ಮೀಟರು ಹಸಿರು ತೋರಿಸಿತು, ಮುಂದಕ್ಕೆ ಹೋಗು ಎಂದು. ಕಸ್ತೂರಿ ಹೋಗಲಿಲ್ಲ. ಬಿಗಿಯಲ್ಲಿ ಒಂದು ಕೆರಕಲು ಇತ್ತು, ಕಲ್ಲು ಸಿಕ್ಕ ಬೀಸುವ ಕಲ್ಲಿನ ಹಾಗೆ. ಕೂತ ಬೋಲ್ಟು ಹಾಗೆ ಕೆರೆಯುವುದಿಲ್ಲ ಎಂದು ಆ ನಡುಗುವ ಕೈ ಅವಳಿಗೆ ನೂರು ಸಲ ಹೇಳಿತ್ತು. ಬಿಚ್ಚಿದರೆ ಹೊತ್ತು ಹೋಗುತ್ತದೆ. ಬಿಡಲೇ? ಮೀಟರೇ ಸರಿ ಎನ್ನುತ್ತಿದೆಯಲ್ಲ, ನನ್ನದೇನು ತಪ್ಪು?

ಬಿಚ್ಚಿದಳು. ಬೋಲ್ಟಿನ ಸುತ್ತಿನ ತುಂಬ ಕೆಂಪು ತುಕ್ಕು. ತಂತಿ ಬ್ರಷ್ಷಿನಿಂದ ಉಜ್ಜಿ, ಎಣ್ಣೆ ಬಿಟ್ಟು, ಮತ್ತೆ ಕೂರಿಸಿದಳು. ಈ ಸಲ ಪೂರ್ತಿ ಎರಡು ಸುತ್ತು ಒಳಗೆ ಹೋಯಿತು. ಎಂಟು ನಿಮಿಷ ಕಳೆದಿತ್ತು. ಉಳಿದ ಏಳು ಬೋಲ್ಟುಗಳನ್ನು ಅವಳ ಎಡಗೈ ಹೇಗೆ ಮುಗಿಸಿತೋ ಅವಳಿಗೇ ನೆನಪಿಲ್ಲ. ಹದಿನೆಂಟನೆಯದು ಕೂತಾಗ ಇನ್ನೂ ನಲವತ್ತು ಸೆಕೆಂಡು ಇತ್ತು. ಆ ಹನ್ನೊಂದನೆಯದನ್ನು ಪರೀಕ್ಷೆಗೆಂದೇ ತುಕ್ಕು ಹಿಡಿಸಿ ಇಟ್ಟಿದ್ದರೆಂದು ಆಮೇಲೆ ತಿಳಿಯಿತು. ಅವತ್ತು ಕೂತ ಒಂಬತ್ತು ಮಂದಿಯಲ್ಲಿ ಅದನ್ನು ಬಿಚ್ಚಿದವರು ಇಬ್ಬರೇ. ಕಸ್ತೂರಿ ಪಾಸಾದಳು, ದೂರೂ ಬಿದ್ದುಹೋಯಿತು.

ಪ್ರಮಾಣಪತ್ರ ಕೊಡುವ ದಿನ ಹುಬ್ಬಳ್ಳಿಗೆ ಅತ್ತೆಯೂ ಹೊರಟು ನಿಂತಳು. ಶೇಂಗಾ ಚಟ್ನಿ, ಕಡಕ್ ರೊಟ್ಟಿ, ಬ್ಯಾಡಗಿ ಮೆಣಸಿನ ಖಾರ, ಎಲ್ಲ ಕಟ್ಟಿಸಿಕೊಂಡಳು. "ಆ ಮಾರಾಯನ ಮಾರಿ ನೋಡಬೇಕು ನಾ" ಎನ್ನುವುದೊಂದೇ ಮಾತು.

ಮುನಿಶಾಮಪ್ಪ ಕುಳ್ಳಗೆ, ಕಪ್ಪಗೆ, ನರೆತ ಮೀಸೆಯ ಮನುಷ್ಯ. ಗಲ್ಲದ ಮೇಲೆ ಗಾಯದ ಎರಡು ಗೆರೆ ಇನ್ನೂ ಮಾಸಿರಲಿಲ್ಲ. ತಬಸ್ಸುಮ್ ತೋರಿಸಿಕೊಡುವ ಮೊದಲೇ ಕಸ್ತೂರಿಗೆ ಗುರುತು ಸಿಕ್ಕಿತು, ಅವರು ಕುರ್ಚಿಯ ತೋಳಿನ ಮೇಲೆ ಎರಡು ಸಲ ತಟ್ಟಿ ಎದ್ದ ರೀತಿಯಿಂದ. ಅವಳು ಬಗ್ಗಿ ಕಾಲು ಮುಟ್ಟಿದಳು.

"ಏಳಮ್ಮ, ಏಳು. ಮೂರು ತಿಂಗ್ಳಿಂದ ನಿನ್ ಕೈ ನೋಡ್ತಾ ಇದ್ದೀನಿ, ಮೊಕ ಇವತ್ತು ನೋಡ್ದೆ" ಎಂದು ನಕ್ಕರು.

"ನಿಮಗ ಒಂದು ಸ್ಟಾರ್ ಕೊಟ್ಟೆನ್ರಿ ನಾನು. ಹೊಟ್ಟ್ಯಾಗ ಹಾಕ್ಕೊಳ್ರಿ."

"ಬುಡಮ್ಮ ಅತ್ಲಾಗೆ. ಐವತ್ತೊಂಬತ್ತು ವರ್ಷ ಈ ಕೈ ಸುಮ್ನೆ ಜೊತೇಲಿ ಓಡಾಡ್ಕೊಂಡಿತ್ತು. ನಿನ್ನಿಂದ ಅದಕ್ಕೂ ಒಂದು ಕೆಲ್ಸ ಬಂತು. ಮುಂದಿನ್ ತಿಂಗ್ಳು ಇನ್ನೂ ಆರು ಜನ ಎಡಚರು ಬರ್ತಾವ್ರೆ ಗೊತ್ತಾ? ಅರ್ಜೀಲಿ ಧೈರ್ಯವಾಗಿ ಬರ್ದವ್ರೆ. ನನ್ ಒಬ್ನ ಕೈಲಿ ಆಗಲ್ಲ, ನೀನೂ ಕಲಿಸ್ಬೇಕು."

 ಮುನಿಶಾಮಪ್ಪ ಚೀಲದಿಂದ ಧಾರವಾಡ ಪೇಡೆಯ ಡಬ್ಬಿ ತೆಗೆದು, ಒಂದು ಪೇಡೆ ಎತ್ತಿ ಅವಳ ಮುಂದೆ ಹಿಡಿದರು. ಹಿಡಿದದ್ದು ಎಡಗೈಯಲ್ಲಿ. ಬೆರಳು ಈಗ ಒಂದಿಷ್ಟೂ ನಡುಗುತ್ತಿರಲಿಲ್ಲ.

ರೂಢಿಯಂತೆ ಕಸ್ತೂರಿಯ ಬಲಗೈ ಮುಂದೆ ಬಂತು. ಅರ್ಧದಲ್ಲಿ ನಿಂತಿತು. ಹುಟ್ಟಿದಾಗಿನಿಂದ ಅವಳು ಎಡಗೈಯಲ್ಲಿ ಒಂದು ಸಿಹಿ ಇಸಕೊಂಡವಳಲ್ಲ. ಅತ್ತೆಯ ಕಡೆ ನೋಡದೆ, ಬಲಗೈ ಹಿಂದಕ್ಕೆಳೆದು ಎಡಗೈ ಚಾಚಿ ಪೇಡೆ ತೆಗೆದುಕೊಂಡಳು. ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು.

ಗುರುಸಿದ್ದವ್ವ ಇಬ್ಬರನ್ನೂ ಒಮ್ಮೆ ನೋಡಿದಳು. ಆಮೇಲೆ ತನ್ನ ಎಡಗೈಯಲ್ಲಿದ್ದ ಕೋಲನ್ನು ನಿಧಾನವಾಗಿ ಬಲಗೈಗೆ ದಾಟಿಸಿಕೊಂಡು, ಖಾಲಿಯಾದ ಎಡಗೈಯನ್ನು ಮುಂದೆ ಚಾಚಿದಳು.

"ನನಗೂ ಒಂದು ಕೊಡ್ರಿ ಗುರುಗಳ."